ಕಲಿಯುವವರ ಕಾಲಿಗೆ ಸಿಗದ ಆಕ್ಸಿಲರೇಟರ್

ಗುರುವಾಯನಕೆರೆಯಲ್ಲಿ ಒಳರಸ್ತೆಯೊಂದು ಹೆದ್ದಾರಿಗೆ ಸೇರುವಲ್ಲಿ ಸಣ್ಣ ಏರು ಇದೆ. ನಡೆದು ಹೋಗುವವರಿಗೆ ಅದು ಏರು ಎಂದೇ ಗೊತ್ತಾಗುವುದಿಲ್ಲ. ಕಾರು ಕಲಿಯುವವರಿಗೆ ಮಾತ್ರ ಅದೊಂದು ಗುಡ್ಡ. ಆ ಮಂಗಳವಾರ ಬೆಳಿಗ್ಗೆ ಏಳೂವರೆಗೆ ನನ್ನ ಡ್ರೈವಿಂಗ್ ಶಾಲೆಯ ಕಾರು ಅಲ್ಲಿ ಮೂತಿಯನ್ನು ಹೆದ್ದಾರಿಯೊಳಗೆ ಚಾಚಿ ಅರ್ಧದಲ್ಲಿ ನಿಂತುಬಿಟ್ಟಿತು.

ಸ್ಟಿಯರಿಂಗ್ ಹಿಡಿದಿದ್ದವರು ಮುಂಡಾಜೆ ಕಡೆಯ ಒಬ್ಬ ಟೀಚರ್. ವಯಸ್ಸು ಐವತ್ತೆರಡು. ಪಕ್ಕದ ಸೀಟಿನಲ್ಲಿ ನಾನು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲಿನ ಹತ್ತಿರವೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತವೆ. ಅವುಗಳಿಂದ ಕಬ್ಬಿಣದ ಸರಳು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಹಾದು ಬಲಗಡೆಯ ಪೆಡಲುಗಳನ್ನು ಹಿಡಿದುಕೊಂಡಿರುತ್ತದೆ. ನಾನು ಒತ್ತಿದರೆ ಆಚೆ ಕಡೆಯದೂ ಕೆಳಗೆ ಹೋಗುತ್ತದೆ. ಆಚೆಯವರು ಒತ್ತಿದರೆ ನನ್ನದು ಅಲುಗುವುದಿಲ್ಲ. ಆಕ್ಸಿಲರೇಟರ್ ಮಾತ್ರ ಒಂದೇ. ಅದು ಕಲಿಯುವವರ ಬಲಗಾಲಿನ ಕೆಳಗೆ. ಗಾಡಿಯನ್ನು ನಿಲ್ಲಿಸುವುದು ನನ್ನಿಂದ ಸಾಧ್ಯ, ಮುಂದಕ್ಕೆ ಓಡಿಸುವುದು ಸಾಧ್ಯವಿಲ್ಲ.

"ಎಕ್ಸಿಲೇಟರ್ ಕೊಡಿ ಟೀಚರ್, ಒತ್ತಿ, ಒತ್ತಿ."

"ಒತ್ತಿದ್ದೇನೆ ಮೇಡಂ."

"ಇಲ್ಲ, ಒತ್ತಲಿಲ್ಲ ನೀವು. ಇಂಜಿನಿನ ಶಬ್ದವೇ ಏರಲಿಲ್ಲವಲ್ಲ!"

"ಪೂರ್ತಿ ಒತ್ತಿದ್ದೇನೆ, ಹೋಗುದಿಲ್ಲ ಇದು…"

ಕಾರು ಒಮ್ಮೆ ನಡುಗಿ ಆಫ್ ಆಯಿತು. ಬೆಳ್ತಂಗಡಿ ಕಡೆಯಿಂದ ಇಳಿದು ಬರುತ್ತಿದ್ದ ಬಸ್ಸು ಕಿರುಚುವಂತೆ ಬ್ರೇಕ್ ಹಾಕಿತು. ಬಸ್ಸು ನಿಂತದ್ದು ಎಷ್ಟು ಹತ್ತಿರ ಎಂದರೆ, ಅದರ ಗಾಜಿನ ಹಿಂದೆ ಕಟ್ಟಿದ್ದ ಸೇವಂತಿಗೆ ಮಾಲೆ ಬಾಡಿದ್ದೂ ನನಗೆ ಕಾಣುತ್ತಿತ್ತು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, "ಎಂತ ಅಕ್ಕಾ, ಕಲಿಸ್ಲಿಕ್ಕೆ ಹೆದ್ದಾರಿಯೇ ಬೇಕಾ?" ಎಂದ.

ನಾನು ಇಳಿದು ಸುತ್ತು ಹಾಕಿ ಬಂದು ಟೀಚರನ್ನು ಈಚೆ ಕೂರಿಸಿದೆ. ಕೀ ತಿರುಗಿಸಿದೆ, ಕಾರು ಒಂದೇ ಉಸಿರಿಗೆ ಏರು ಹತ್ತಿತು. ಆ ಗಾಬರಿಯಲ್ಲಿ ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: "ನೋಡಿ, ಹೋಗ್ತದಲ್ಲ? ಗಾಡಿಗೆ ಏನೂ ಆಗ್ಲಿಲ್ಲ. ಹೆದರಿಕೆಗೆ ನಿಮ್ಮ ಕಾಲು ಮೇಲೆಯೇ ಉಳೀತದೆ. ಈ ಪ್ರಾಯದಲ್ಲಿ ಸ್ವಲ್ಪ ಕಷ್ಟವೇ ಟೀಚರ್."

ಬಸ್ ಸ್ಟ್ಯಾಂಡಿನ ಹತ್ತಿರ ಅವರು ಇಳಿಯುವಾಗ, "ನಾಳೆ ಬರ್ತೀರಲ್ಲ?" ಎಂದು ಕೇಳಿದೆ. "ನೋಡ್ತೇನೆ," ಎಂದರು.

ಮರುದಿನ ಅವರು ಬರಲಿಲ್ಲ. ಅವರ ಹೊತ್ತಿಗೆ ಒಬ್ಬ ಬ್ಯಾಂಕ್ ನೌಕರ ಬಂದರು. ಅವರದ್ದು ಮೈದಾನದಲ್ಲಿ ಹಿಂದಕ್ಕೆ ತೆಗೆಯುವ ಅಭ್ಯಾಸ. ಮೂರನೆಯ ಸಲ ಹಿಂದಕ್ಕೆ ತೆಗೆದವರು ಕಲ್ಲುಕಂಬಕ್ಕೆ ತಾಗಿಸುವಷ್ಟು ಹತ್ತಿರ ಹೋದರು. ನಾನು ಕ್ಲಚ್ಚು, ಬ್ರೇಕು ಎರಡನ್ನೂ ಒತ್ತಿ ನಿಲ್ಲಿಸಿದೆ. ಮತ್ತೆ ಮುಂದಕ್ಕೆ ತೆಗೆಯಲು ಹೇಳಿದಾಗ, "ಮೇಡಂ, ಇದು ಒತ್ತಿದರೂ ಏನಿಲ್ಲ," ಎಂದರು. ಟೀಚರಿಗೆ ಹೇಳಿದ್ದನ್ನೇ ಹೇಳಲು ಬಾಯಿ ತೆರೆದವಳು ಅವರ ಕಾಲಿನ ಕಡೆ ನೋಡಿದೆ. ಬೂಟು ಪೆಡಲನ್ನು ನೆಲಕ್ಕೆ ಅಂಟಿಸಿಬಿಟ್ಟಿತ್ತು. ಇಂಜಿನ್ ಮಾತ್ರ ನಿಂತಲ್ಲಿ ನಿಂತಂತೆ ಸುಮ್ಮನೆ ಗುರುಗುಡುತ್ತಿತ್ತು.

ಹಾಗಾದರೆ ನಿನ್ನೆ ಬಸ್ಸಿನ ಎದುರು ಟೀಚರ್ ಹೇಳಿದ್ದು?

ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಎಲ್ಲ ಸರಿ. ಬ್ಯಾಂಕಿನವರು ನಕ್ಕು, "ಇದಕ್ಕೂ ನಮ್ಮ ಕಂಪ್ಯೂಟರಿನ ಹಾಗೆ ರೀಸ್ಟಾರ್ಟ್ ಬೇಕು," ಎಂದರು. ನನಗೆ ನಗು ಬರಲಿಲ್ಲ. ಮುಂದಿನ ವಾರದ ಶುಕ್ರವಾರ ಬಂಟ್ವಾಳದಲ್ಲಿ ನನ್ನ ನಾಲ್ಕು ಮಂದಿಗೆ ಲೈಸೆನ್ಸ್ ಟೆಸ್ಟ್ ಇತ್ತು. ಆ ನಾಲ್ವರಲ್ಲಿ ಟೀಚರ್ ಒಬ್ಬರು. ಅವರ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸಿನ ಅವಧಿ ಅದಾದ ಎರಡು ದಿನಕ್ಕೆ ಮುಗಿಯುತ್ತಿತ್ತು. ನನ್ನಲ್ಲಿ ಇದ್ದದ್ದು ಆ ಒಂದೇ ಕಾರು, ಹದಿಮೂರು ವರ್ಷದ ಹಳೆಯ ಸಣ್ಣ ಪೆಟ್ರೋಲ್ ಗಾಡಿ.

ನಾನು ಯಾವಾಗಲೂ ಹೋಗುವ ಗ್ಯಾರೇಜಿನ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ ಹೇಳಿದ, "ಅಕ್ಕ, ಮೊದಲಿನ ಗಾಡಿಗಳ ಹಾಗೆ ಇದಕ್ಕೆ ಕೇಬಲ್ ಇಲ್ಲ. ಕೇಬಲ್ ಆಗಿದ್ರೆ ತುಂಡಾದದ್ದು ಕಣ್ಣಿಗೆ ಕಾಣ್ತಿತ್ತು. ಇದು ವಯರಿನದ್ದು." ಪೆಡಲಿನ ಬುಡದಲ್ಲಿ ಒಂದು ಸೆನ್ಸರ್ ಇರುತ್ತದೆ, ಕಾಲು ಎಷ್ಟು ಒತ್ತಿತು ಎಂಬುದನ್ನು ಅದು ವೋಲ್ಟೇಜಿನ ಲೆಕ್ಕದಲ್ಲಿ ಕಾರಿನ ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಂತೆ ಇಂಜಿನಿಗೆ ಗಾಳಿ ಬಿಡುವ ಥ್ರಾಟಲಿನ ಬಾಗಿಲು ತೆರೆಯುತ್ತದೆ. ಆ ಬಾಗಿಲಿಗೆ ಮಸಿ ಕಟ್ಟಿದೆ ಎಂದು ಅವನು ಥ್ರಾಟಲ್ ಬಿಚ್ಚಿ, ತೊಳೆದು, ಬ್ಯಾಟರಿಯ ಟರ್ಮಿನಲ್ ಅರ್ಧ ಗಂಟೆ ತೆಗೆದಿಟ್ಟು ಮತ್ತೆ ಹಾಕಿದ. ತಾನೇ ಬೆಳ್ತಂಗಡಿವರೆಗೆ ಓಡಿಸಿಕೊಂಡು ಬಂದ.

"ಎಂತದೂ ಇಲ್ಲ ಅಕ್ಕ. ಬೆಣ್ಣೆಯ ಹಾಗೆ ಹೋಗ್ತದೆ. ಇನ್ನು ಕಲಿಯುವವರ ಕಾಲಿಗೆ ನಾನು ಎಂತ ಮಾಡ್ಲಿ?"

ಎರಡು ದಿನದ ಹಿಂದೆ ಕೇಳಿದ್ದರೆ ನಾನೂ ಅವನ ಜೊತೆ ನಗುತ್ತಿದ್ದೆ.

ಶುಕ್ರವಾರ ಇಡೀ ದಿನ ಕಾರು ಸರಿಯಾಗಿಯೇ ಇತ್ತು. ಶನಿವಾರ ಬೆಳಿಗ್ಗೆ ಒಬ್ಬರು ಗೃಹಿಣಿ ತಿರುವಿನಲ್ಲಿ ಎದುರು ಬಂದ ರಿಕ್ಷಾ ನೋಡಿ ಬೆದರಿದರು. ನಾನು ಗಾಡಿಯನ್ನು ಹಿಡಿದು ನಿಲ್ಲಿಸಿದೆ. ಅದಾದ ಮೇಲೆ ಆಕ್ಸಿಲರೇಟರ್ ಮತ್ತೆ ಸತ್ತಿತು. ಅಲ್ಲೇ ರಸ್ತೆಬದಿಯಲ್ಲಿ ನಿಂತು ಉಳಿದವರಿಗೆಲ್ಲ ಫೋನ್ ಮಾಡಿ, ಇನ್ನು ನಾನು ಹೇಳುವ ತನಕ ಕ್ಲಾಸಿಲ್ಲ ಎಂದೆ. ಕಾರಣ ಕೇಳಿದವರಿಗೆ ಗಾಡಿ ಕೆಲಸಕ್ಕೆ ಬಿಟ್ಟಿದ್ದೇನೆ ಎಂದೆ. ಟೀಚರಿಗೂ ಮಾಡಿದೆ. ಅವರು ಎತ್ತಲಿಲ್ಲ.

ಪಾಣೆಮಂಗಳೂರಿನಲ್ಲಿ ಒಬ್ಬರು ಹಿರಿಯ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಗಲ್ಫಿನ ವರ್ಕ್‌ಶಾಪಿನಲ್ಲಿ ಬಹಳ ವರ್ಷ ದುಡಿದು ಊರಿಗೆ ಬಂದು ಪೇಟೆಯ ಬದಿಯಲ್ಲಿ ಸಣ್ಣ ಅಂಗಡಿ ಇಟ್ಟವರು. ಎಲ್ಲರೂ ಅವರನ್ನು ಕಾಕ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತಿದ್ದೆ. ಗುರುವಾಯನಕೆರೆಯಿಂದ ಅವರಲ್ಲಿಗೆ ನಾನೊಬ್ಬಳೇ ಓಡಿಸಿಕೊಂಡು ಹೋದೆ. ಪ್ರತಿ ಏರಿನಲ್ಲೂ ಪ್ರತಿ ತಿರುವಿನಲ್ಲೂ ಈಗ ಸಾಯುತ್ತದೆ, ಈಗ ಸಾಯುತ್ತದೆ ಎಂದು ಕಾದೆ. ಹಿಂದಿನಿಂದ ಲಾರಿ ಬಂದರೆ ಬದಿಗೆ ಸರಿದು ಬಿಟ್ಟುಕೊಟ್ಟೆ. ಕಾರು ಒಮ್ಮೆಯೂ ಹಟ ಮಾಡಲಿಲ್ಲ. ಅದು ಸರಿಯಾಗಿ ಓಡಿದಷ್ಟೂ ನನಗೆ ಭಯ ಜಾಸ್ತಿಯಾಯಿತು.

ಕಾಕ ಗಾಡಿಯನ್ನು ಮುಟ್ಟುವ ಮೊದಲು ನನ್ನನ್ನೇ ಕೇಳಿದರು.

"ಆಗ ಇಂಜಿನ್ ಲೈಟ್ ಹೊತ್ತಿತ್ತಾ ಮೇಡಂ? ಆ ಹಳದಿ ಲೈಟ್?"

"ನೋಡ್ಲಿಲ್ಲ ಕಾಕ," ಎಂದೆ. ಕಲಿಯುವವರ ಗಾಡಿ ದಿನಕ್ಕೆ ಇಪ್ಪತ್ತು ಸಲ ಆಫ್ ಆಗುತ್ತದೆ. ಆಫ್ ಆದಾಗಲೆಲ್ಲ ಡ್ಯಾಶ್‌ಬೋರ್ಡಿನ ಲೈಟುಗಳು ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ, ಮತ್ತೆ ಸ್ಟಾರ್ಟ್ ಮಾಡಿದಾಗ ಆರುತ್ತವೆ. ನಾನು ಅವುಗಳನ್ನು ನೋಡುವುದನ್ನೇ ಬಿಟ್ಟು ವರ್ಷಗಳಾಗಿದ್ದವು. ನನ್ನ ಕಣ್ಣು ರಸ್ತೆಯ ಮೇಲೆ.

"ಗ್ಯಾರೇಜಿನಲ್ಲಿ ಬ್ಯಾಟರಿ ತೆಗೆದಿದ್ರಾ?"

"ಹೌದು, ಅರ್ಧ ಗಂಟೆ."

ಅವರು ನಾಲಗೆಯಿಂದ ಲೊಚಗುಟ್ಟಿದರು. "ಬ್ಯಾಟರಿ ತೆಗೆದ್ರೆ ಗಾಡಿ ಬರೆದಿಟ್ಟದ್ದೆಲ್ಲ ಅಳಿಸಿ ಹೋಗ್ತದೆ. ಇರ್ಲಿ, ಅದರ ನಂತರ ಇನ್ನೊಮ್ಮೆ ಆಗಿದೆ ಅಲ್ವಾ? ನೋಡುವ."

ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಸಿಕ್ಕಿಸಿದರು. ಒಂದು ದೂರು ದಾಖಲಾಗಿತ್ತು. ಪೆಡಲಿನ ಸೆನ್ಸರ್ ಒಂದಲ್ಲ, ಎರಡು ದಾರಿಯಲ್ಲಿ ಕಂಪ್ಯೂಟರಿಗೆ ಸುದ್ದಿ ಕಳುಹಿಸುತ್ತದೆಯಂತೆ. ಎರಡೂ ಒಂದಕ್ಕೊಂದು ಹೊಂದಬೇಕು. ಒಂದು ಇದ್ದಕ್ಕಿದ್ದಂತೆ ಮಾಯವಾದರೆ ಕಂಪ್ಯೂಟರ್ ಯಾವುದನ್ನೂ ನಂಬುವುದಿಲ್ಲ. ಅಪಾಯ ಬೇಡ ಎಂದು ಇಂಜಿನನ್ನು ಸಣ್ಣ ಓಟದಲ್ಲೇ ಕಟ್ಟಿಹಾಕುತ್ತದೆ. ಕೀ ಆಫ್ ಮಾಡಿ ಆನ್ ಮಾಡುವ ತನಕ ಬಿಡುವುದಿಲ್ಲ. ನನ್ನ ಗಾಡಿಯಲ್ಲಿ ಎರಡನೆಯ ದಾರಿಯ ಸುದ್ದಿ ಕಡಿದಿತ್ತು.

ಕಾಕ ಕೈಯಲ್ಲೇ ಪೆಡಲನ್ನು ನಿಧಾನವಾಗಿ ಒತ್ತಿ ಬಿಟ್ಟು, ಸ್ಕ್ಯಾನರಿನ ಪರದೆಯಲ್ಲಿ ಎರಡು ಗೆರೆ ಒಟ್ಟಿಗೆ ಏರಿ ಇಳಿಯುವುದನ್ನು ಹತ್ತಾರು ಸಲ ನೋಡಿದರು. ಎಲ್ಲೂ ತುಂಡಾಗಲಿಲ್ಲ. ವಯರನ್ನು ಕೈಗೆ ಎಟುಕಿದಷ್ಟು ಅಲುಗಾಡಿಸಿದರು. ಏನೂ ಆಗಲಿಲ್ಲ. ಕೊನೆಗೆ, "ಸೆನ್ಸರಿನ ಒಳಗೆ ಸವೆದಿರಬೇಕು. ಇದು ಪೆಡಲಿನ ಒಟ್ಟಿಗೇ ಬರುದು, ಬಿಚ್ಚಿ ರಿಪೇರಿ ಮಾಡ್ಲಿಕ್ಕೆ ಆಗುದಿಲ್ಲ," ಎಂದು ಅದೇ ಮಾದರಿಯ ಇನ್ನೊಂದು ಕಾರಿನಿಂದ ತೆಗೆದಿಟ್ಟಿದ್ದ ಒಳ್ಳೆಯ ಪೆಡಲನ್ನು ಹಾಕಿಕೊಟ್ಟರು. ಹಳೆಯದನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಹಿಂತಿರುಗಿ ಬರುವಾಗ ನಾನು ಆ ವಾರದಲ್ಲಿ ಮೊದಲ ಸಲ ರೇಡಿಯೋ ಹಾಕಿದೆ. ಭಾನುವಾರ ಚೆನ್ನಾಗಿ ನಿದ್ದೆ ಮಾಡಿದೆ.

ಸೋಮವಾರ ಬೆಳಿಗ್ಗೆ ಮೈದಾನದಲ್ಲಿ, ಬ್ಯಾಂಕಿನವರ ಕಾಲಿನ ಕೆಳಗೆ ಹೊಸ ಪೆಡಲೂ ಸತ್ತಿತು. ಈ ಸಲ ನಾನು ಲೈಟ್ ನೋಡಿದೆ. ಹಳದಿ ಲೈಟ್ ಹೊತ್ತಿ ನನ್ನನ್ನೇ ನೋಡುತ್ತಿತ್ತು.

ಅವರನ್ನು ಕಳುಹಿಸಿ ನಾನು ಕಾರಿನೊಳಗೇ ಕೂತೆ. ಟೆಸ್ಟಿಗೆ ನಾಲ್ಕು ದಿನ. ಬೇರೆ ಶಾಲೆಯವರ ಕಾರು ಕೇಳಬಹುದಿತ್ತು. ಆದರೆ ಅಭ್ಯಾಸವಿಲ್ಲದ ಗಾಡಿಯಲ್ಲಿ ಇವರನ್ನು ಟೆಸ್ಟಿಗೆ ಕೂರಿಸುವುದು ಹೇಗೆ? ಅದಕ್ಕಿಂತ ದೊಡ್ಡ ಚಿಂತೆ ಬೇರೆ. ಬಸ್ಸಿನ ಚಾಲಕ ಅರೆಕ್ಷಣ ತಡಮಾಡಿದ್ದರೆ ಬಲಗಡೆ ಕೂತಿದ್ದ ಟೀಚರ್ ಏನಾಗುತ್ತಿದ್ದರು ಎಂಬುದು ಕಣ್ಣು ಮುಚ್ಚಿದರೂ ತೆರೆದರೂ ಬರುತ್ತಿತ್ತು.

ಡ್ಯಾಶ್‌ಬೋರ್ಡಿನಲ್ಲಿದ್ದ ಹಾಜರಿ ಪುಸ್ತಕ ತೆಗೆದೆ. ಪ್ರತಿಯೊಬ್ಬರ ಹೆಸರಿನ ಮುಂದೆ ಆ ದಿನ ಏನು ಕಲಿತರು, ಎಲ್ಲಿ ತಪ್ಪಿದರು ಎಂದು ಒಂದು ಸಾಲು ಬರೆಯುವುದು ನನ್ನ ಅಭ್ಯಾಸ. ಹಿಂದಕ್ಕೆ ಓದುತ್ತಾ ಹೋದೆ. "ಆಕ್ಸಿಲರೇಟರ್ ಕೊಡುವುದಿಲ್ಲ." "ಕಾಲು ಹೆದರಿಕೆ." "ಏರಿನಲ್ಲಿ ಆಫ್, ಆಕ್ಸಿಲರೇಟರ್ ಸಾಲದು." ನನ್ನದೇ ಕೈಬರಹ. ಕಳೆದ ಮೂರು ತಿಂಗಳಲ್ಲಿ ಅಂಥ ಸಾಲುಗಳು ತುಂಬ ಇದ್ದವು, ಅದಕ್ಕಿಂತ ಹಿಂದೆ ಅಪರೂಪ. ಅಷ್ಟೂ ದಿನ ಕಲಿಯಲು ಬಂದವರೇ ದಡ್ಡರು ಎಂದುಕೊಂಡಿದ್ದೆ. ಇಬ್ಬರು ಹೆಂಗಸರು ಅರ್ಧಕ್ಕೆ ಬಿಟ್ಟಿದ್ದರು. ಅವರಲ್ಲಿ ಒಬ್ಬರ ಹೆಸರಿನ ಮುಂದೆ, "ಮನೆಯವರಿಗೆ ಹೇಳಿದೆ, ಇವರಿಗೆ ಆಗುವುದು ಕಷ್ಟ," ಎಂದು ಬರೆದಿದ್ದೆ.

ಓದಿ ಮುಗಿಸಿದಾಗ ಒಂದಂತೂ ಗೊತ್ತಾಯಿತು. ನಾನು ಓಡಿಸಿದಾಗ ಒಮ್ಮೆಯೂ ಹೀಗಾಗಿಲ್ಲ. ಮೆಕ್ಯಾನಿಕ್ ಓಡಿಸಿದಾಗ ಆಗಿಲ್ಲ. ಕಾಕ ನೋಡಿದಾಗ ಆಗಿಲ್ಲ. ಅಂದರೆ ಗಾಡಿಯನ್ನು ಸರಿ ಮಾಡಬೇಕಾದವರು ಯಾರೂ ಅದು ಕೆಟ್ಟದ್ದನ್ನು ನೋಡಿಯೇ ಇರಲಿಲ್ಲ. ಕಾಕನಿಗೆ ಫೋನ್ ಮಾಡಿದೆ.

"ಕಾಕ, ಇನ್ನು ಏನನ್ನೂ ಬದಲಿಸುದು ಬೇಡ. ನೀವು ಹಿಂದಿನ ಸೀಟಿನಲ್ಲಿ ಸ್ಕ್ಯಾನರ್ ಹಿಡ್ಕೊಂಡು ಕೂತ್ಕೊಳ್ಳಿ. ಕಲಿಯುವವರು ಓಡಿಸ್ಲಿ. ಸಾಯುವುದನ್ನು ನೀವೇ ನೋಡಿ."

ಕಾಕ, "ಅದು ಸರಿ. ಯಾರು ಕೂತಾಗ ಜಾಸ್ತಿ ಆಗ್ತದೋ ಅವರನ್ನೇ ಕರ್ಕೊಂಡು ಬನ್ನಿ," ಎಂದರು.

ಯಾರು ಎಂದು ಪುಸ್ತಕ ನೋಡುವ ಅಗತ್ಯವಿರಲಿಲ್ಲ.

ಮಂಗಳವಾರ ಸಂಜೆ ಶಾಲೆ ಬಿಡುವ ಹೊತ್ತಿಗೆ ಮುಂಡಾಜೆಗೆ ಹೋಗಿ ಟೀಚರ ಮನೆಯ ಗೇಟಿನ ಹತ್ತಿರ ನಿಂತೆ. ಅವರ ಗಂಡನಿಗೆ ಒಂದು ವರ್ಷದ ಹಿಂದೆ ಪಾರ್ಶ್ವವಾಯುವಾಗಿತ್ತು ಎಂದು ಗೊತ್ತಿತ್ತು. ವಾರಕ್ಕೆ ಎರಡು ಸಲ ಬೆಳ್ತಂಗಡಿಗೆ ವ್ಯಾಯಾಮ ಚಿಕಿತ್ಸೆಗೆ ಕರೆದುಕೊಂಡು ಹೋಗಬೇಕು. ಮನೆಯಲ್ಲಿ ಕಾರಿದೆ, ಓಡಿಸುವವರಿಲ್ಲ. ಅದಕ್ಕಾಗಿಯೇ ಅವರು ಕಲಿಯಲು ಹೊರಟದ್ದು. ಗಂಡ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಟೀಚರ್ ಚಾ ಮಾಡುತ್ತೇನೆ ಎಂದು ಒಳಗೆ ಹೊರಟಾಗ ನಾನು ತಡೆದು ಎಲ್ಲವನ್ನೂ ಹೇಳಿದೆ. ಬ್ಯಾಂಕಿನವರ ಬೂಟು, ಹಳದಿ ಲೈಟು, ಬದಲಿಸಿದ ಪೆಡಲು.

"ಆ ದಿವಸ ನೀವು ಒತ್ತಿದ್ದಿರಿ ಟೀಚರ್. ನಾನು ಹೇಳಿದ್ದು ತಪ್ಪು. ಪ್ರಾಯದ ಮಾತಂತೂ ಹೇಳಲೇಬಾರದಿತ್ತು."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತರು.

"ನನಗೇ ನನ್ನ ಕಾಲಿನ ಮೇಲೆ ಸಂಶಯ ಬಂದಿತ್ತು ಮೇಡಂ. ಸ್ಟಾಫ್ ರೂಮಿನಲ್ಲಿ ಕುರ್ಚಿಯಲ್ಲಿ ಕೂತು ಬಲಗಾಲಿನಿಂದ ನೆಲವನ್ನು ಒತ್ತಿ ನೋಡ್ತಿದ್ದೆ. ಇವರಿಗೆ ಹಾಗಾದ ಮೇಲೆ ಇನ್ನು ನನಗೂ ಶುರುವಾಯ್ತೋ ಏನೋ ಅಂತ."

ಅವರ ಗಂಡ ಕುರ್ಚಿಯಿಂದಲೇ, ತೊದಲುತ್ತಾ, ಆದರೆ ಸ್ಪಷ್ಟವಾಗಿ, "ಹೋಗು. ಹೋಗಿ ತೋರಿಸು," ಎಂದರು.

ಬುಧವಾರ ಟೀಚರ್ ಅರ್ಧ ದಿನ ರಜೆ ಹಾಕಿದರು. ಪಾಣೆಮಂಗಳೂರಿನಲ್ಲಿ ನದಿಯ ಕಡೆಗೆ ಇಳಿಯುವ ಒಂದು ಮಣ್ಣಿನ ದಾರಿ ಇದೆ, ಮಧ್ಯಾಹ್ನ ಅಲ್ಲಿ ಯಾರೂ ಇರುವುದಿಲ್ಲ. ಟೀಚರ್ ಸ್ಟಿಯರಿಂಗಿಗೆ, ನಾನು ಪಕ್ಕಕ್ಕೆ, ಕಾಕ ಹಿಂದೆ. ಸ್ಕ್ಯಾನರಿನ ಉದ್ದ ವಯರು ನಮ್ಮಿಬ್ಬರ ನಡುವೆ ಹಾದು ಅವರ ಮಡಿಲಿಗೆ ಹೋಗಿತ್ತು. ಏರಿನಲ್ಲಿ ನಿಲ್ಲಿಸಿ ಮತ್ತೆ ತೆಗೆಯುವುದು. ಒಂದು, ಎರಡು, ಐದು, ಎಂಟು ಸಲ. ಕಾರು ಪ್ರತಿಸಲವೂ ಸಲೀಸಾಗಿ ಏರಿತು. ಟೀಚರ್ ನಿಜಕ್ಕೂ ಚೆನ್ನಾಗಿ ಓಡಿಸುತ್ತಿದ್ದರು. ಗಾಡಿ ಕೆಡಲಿ ಎಂದು ದೇವರಲ್ಲಿ ಬೇಡಿಕೊಂಡದ್ದು ನಾನು ಅದೇ ಮೊದಲು.

ಹತ್ತನೆಯ ಸಲದ ನಂತರ ಕಾಕ ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಮಂಡೆಬಿಸಿಯ ಕೇಸು ಮಾರಾಯ್ರೆ."

ಆಗ ಟೀಚರ್ ನನ್ನ ಕಡೆ ತಿರುಗಿದರು. "ಮೇಡಂ, ಒಂದು ಹೇಳಲಾ? ಆ ದಿವಸ ನೀವು ಹೀಗೆ ಕೂತಿರಲಿಲ್ಲ."

"ಹೇಗೆ?"

"ಇವತ್ತು ನೀವು ಕಾಲು ಹಿಂದೆ ಇಟ್ಕೊಂಡಿದ್ದೀರಿ. ನನಗೆ ಬೇಜಾರು ಆಗಬಾರದು ಅಂತ ಇರಬೇಕು. ಆ ದಿವಸ ಬಸ್ಸು ಕಂಡ ಕೂಡಲೇ ನನ್ನ ಕಾಲಿನ ಕೆಳಗಿನ ಕ್ಲಚ್ ತಾನಾಗಿಯೇ ಕೆಳಗೆ ಹೋಯ್ತು. ಅಂದ್ರೆ ಒತ್ತಿದ್ದು ನೀವು. ಗಟ್ಟಿಯಾಗಿ ಒತ್ತಿದ್ರಿ. ಆಮೇಲೆ ನೀವು ಬಿಟ್ರಿ, ನಾನು ಎಕ್ಸಿಲೇಟರ್ ಕೊಟ್ಟೆ, ಆಗ ಅದು ಕೆಲಸವೇ ಮಾಡ್ಲಿಲ್ಲ."

ಕಾಕ ಮುಂದಕ್ಕೆ ಬಾಗಿದರು. "ಮೇಡಂ, ಆ ದಿವಸದ ಹಾಗೆಯೇ ಒತ್ತಿ."

ನಾನು ನನ್ನ ಕ್ಲಚ್ಚನ್ನು ಒತ್ತಿದೆ. ಅರ್ಧಕ್ಕೆ ಏನೂ ಇಲ್ಲ. ಪೂರ್ತಿ ತಳಕ್ಕೆ ಒತ್ತಿದಾಗ ಹಿಂದಿನಿಂದ ಕಾಕನ ಕೂಗು ಕೇಳಿತು: "ಹೋಯ್ತು! ಗೆರೆ ಹೋಯ್ತು! ಕೀ ಮುಟ್ಟಬೇಡಿ, ಯಾರೂ ಕೀ ಮುಟ್ಟಬೇಡಿ!" ಹಳದಿ ಲೈಟ್ ಹೊತ್ತಿತು. ನಾನು ಕಾಲು ತೆಗೆದೆ. ಟೀಚರ್ ಆಕ್ಸಿಲರೇಟರನ್ನು ನೆಲದವರೆಗೆ ಒತ್ತಿ ಹಿಡಿದರು. ಇಂಜಿನ್ ಗುರುಗುಡುತ್ತಾ ಇತ್ತು, ಅಷ್ಟೇ.

ಕಲಿಯುವವರು ಕೂತಾಗ ಮಾತ್ರ ಕೆಡುವ ಗಾಡಿ ಎಂದು ನಾನು ಇಷ್ಟು ದಿನ ಲೆಕ್ಕ ಹಾಕಿದ್ದೆ. ಪಕ್ಕದ ಸೀಟಿನಲ್ಲಿ ನಾನು ಕೂತಾಗ ಮಾತ್ರ ಅದು ಕೆಡುತ್ತಿತ್ತು.

ಕಾಕ ಇಳಿದು ಬಂದು, ಟೀಚರನ್ನು ಇಳಿಸಿ, ಟಾರ್ಚ್ ಹಿಡಿದು ಅಂಗಾತ ಮಲಗಿ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದರು. "ಒತ್ತಿ. ಬಿಡಿ. ಇನ್ನೊಮ್ಮೆ. ನಿಧಾನಕ್ಕೆ." ಆಮೇಲೆ ಒಳಗಿನಿಂದಲೇ, "ಇಲ್ಲಿ ಬಂದು ನೋಡಿ," ಎಂದರು. ನಾನು ಕೆಂಪು ಮಣ್ಣಿನ ಮೇಲೆ ಮೊಣಕಾಲೂರಿ ಬಗ್ಗಿದೆ. ಪೆಡಲಿನ ಸೆನ್ಸರಿಗೆ ಹೋಗುವ ವಯರಿನ ಕಟ್ಟನ್ನು ಒಂದು ಕಪ್ಪು ಪ್ಲಾಸ್ಟಿಕ್ ಟ್ಯಾಗಿನಿಂದ ನನ್ನ ಕ್ಲಚ್ಚಿನ ಸರಳಿಗೆ ಬಿಗಿಯಲಾಗಿತ್ತು. ನಾನು ತಳದವರೆಗೆ ಒತ್ತಿದಾಗ ಸರಳು ತಿರುಗಿ ವಯರನ್ನು ಸೆಳೆಯುತ್ತಿತ್ತು. ಮೇಲಿನ ಹೊದಿಕೆ ಹಾಗೆಯೇ ಇತ್ತು. ಒಳಗೆ ಒಂದು ವಯರಿನ ತಾಮ್ರದ ಎಳೆಗಳು ಸಾವಿರ ಸಲ ಸೆಳೆತ ತಿಂದು ತುಂಡಾಗಿದ್ದವು. ಸಡಿಲ ಬಿಟ್ಟಾಗ ತುದಿಗಳು ಒಂದಕ್ಕೊಂದು ತಾಗುತ್ತಿದ್ದವು, ಎಳೆದಾಗ ಬಿಡುತ್ತಿದ್ದವು.

ಆ ಟ್ಯಾಗ್ ಅಲ್ಲಿಗೆ ಹೇಗೆ ಬಂತು ಎಂದು ನನಗೆ ಆ ಕ್ಷಣವೇ ಹೊಳೆಯಿತು. ಮೂರು ತಿಂಗಳ ಹಿಂದೆ ನನ್ನ ಕ್ಲಚ್ಚಿನ ಸರಳು ಲಡಲಡ ಅನ್ನುತ್ತಿತ್ತೆಂದು ಮೂಡುಬಿದಿರೆಯಲ್ಲಿ ಒಂದು ಕಡೆ ವೆಲ್ಡಿಂಗ್ ಮಾಡಿಸಿದ್ದೆ. ಕೆಲಸ ಮುಗಿದಾಗ, ಯಾವುದೋ ವಯರು ಜೋತು ಕಲಿಯುವವರ ಚಪ್ಪಲಿಗೆ ತಾಗುತ್ತದೆ, ಅದನ್ನು ಎಲ್ಲಿಗಾದರೂ ಮೇಲಕ್ಕೆ ಕಟ್ಟಿಬಿಡಿ ಎಂದು ಹೇಳಿದವಳು ನಾನೇ. ಅವರು ಕೈಗೆ ಸಿಕ್ಕಿದ ಕಬ್ಬಿಣಕ್ಕೆ ಕಟ್ಟಿದ್ದರು. ಚೊಕ್ಕವಾಗಿದೆ ಎಂದು ಹೇಳಿ ನಾನು ಬಂದಿದ್ದೆ.

ಇದನ್ನು ಕಾಕನಿಗೂ ಟೀಚರಿಗೂ ಹೇಳಿದೆ. ಕಾಕ, "ನಾನೂ ಆವತ್ತು ವಯರನ್ನು ಅಲ್ಲಾಡಿಸಿ ನೋಡಿದ್ದೆ, ಆದರೆ ಆ ಸರಳನ್ನು ಗಾಡಿಯದ್ದೇ ಅಂತ ಎಣಿಸಿದೆ. ಬೇರೆ ಗಾಡಿಯಲ್ಲಿ ಅದು ಇರುದಿಲ್ಲ ಅಲ್ವಾ, ಮಂಡೆಗೆ ಹೋಗ್ಲಿಲ್ಲ," ಎಂದರು. ಅವರು ಹಾಗೆ ಹೇಳಬೇಕಾಗಿರಲಿಲ್ಲ. ಹೇಳಿದ್ದರಿಂದ ನನಗೆ ಸ್ವಲ್ಪ ಉಸಿರಾಡಲು ಸಾಧ್ಯವಾಯಿತು.

ಅಂಗಡಿಗೆ ತಂದು ಕೆಲಸ ಶುರು ಮಾಡಿದರು. ಹಾಳಾದ ಗೇಣುದ್ದ ಭಾಗವನ್ನು ಕತ್ತರಿಸಿ ತೆಗೆದರು. ಒಂದು ವಯರು ಮಾತ್ರ ತುಂಡಾಗಿದ್ದರೂ ಆ ಜಾಗದ ಎಲ್ಲ ವಯರುಗಳನ್ನೂ ಹೊಸದಾಗಿ ಜೋಡಿಸಿದರು. ಒಂದೊಂದು ಬೆಸುಗೆಯ ಮೇಲೂ ಬಿಸಿಗೆ ಬಿಗಿಯುವ ಕೊಳವೆ ಹಾಕಿದರು. ಬೆಸುಗೆಗಳು ಒಂದರ ಪಕ್ಕ ಒಂದು ಬರದಂತೆ ಹಿಂದುಮುಂದು ಮಾಡಿದರು. ಆಮೇಲೆ ವಯರಿನ ಕಟ್ಟನ್ನು ಸರಳಿನಿಂದ ದೂರ, ಕಾರಿನ ಒಳಗೋಡೆಯ ಬದಿಗೆ ಒಯ್ದು, ಸ್ವಲ್ಪ ಸಡಿಲ ಬಿಟ್ಟು ಕ್ಲಿಪ್ಪಿನಲ್ಲಿ ಕೂರಿಸಿದರು. ಚೀಲದಲ್ಲಿ ಸುತ್ತಿಟ್ಟಿದ್ದ ನನ್ನ ಹಳೆಯ ಪೆಡಲನ್ನು ಕೇಳಿ ತೆಗೆದುಕೊಂಡು, ಪರೀಕ್ಷಿಸಿ, ಅದನ್ನೇ ಮತ್ತೆ ಹಾಕಿದರು. "ಇದರದ್ದು ಏನೂ ತಪ್ಪಿರ್ಲಿಲ್ಲ, ಪಾಪ."

"ಈಗ ನೂರು ಸಲ ಒತ್ತುವ," ಎಂದರು.

ಇಂಜಿನ್ ಚಾಲೂ ಇಟ್ಟು ನಾನು ನನ್ನ ಕ್ಲಚ್ಚನ್ನು ತಳದವರೆಗೆ ಒತ್ತಿದೆ, ಬಿಟ್ಟೆ. ಪ್ರತಿಸಲವೂ ಟೀಚರ್ ಬಲಗಡೆ ಕೂತು ಆಕ್ಸಿಲರೇಟರ್ ಕೊಟ್ಟು ಇಂಜಿನ್ ಏರುವುದನ್ನು ಕೇಳಿ ಗಟ್ಟಿಯಾಗಿ ಎಣಿಸಿದರು, ತರಗತಿಯಲ್ಲಿ ಮಗ್ಗಿ ಹೇಳಿಸುವ ಧ್ವನಿಯಲ್ಲಿ. ಅರುವತ್ತರ ಹೊತ್ತಿಗೆ ನನ್ನ ತೊಡೆ ನಡುಗತೊಡಗಿತು. ಎಂಬತ್ತಮೂರರಲ್ಲಿ ಇಂಜಿನ್ ಒಂದು ಕ್ಷಣ ತಡವಾಗಿ ಏರಿದಂತೆ ಕೇಳಿ ಮೂವರೂ ಪರದೆಯತ್ತ ಬಗ್ಗಿದೆವು. ಪರದೆಯ ಗೆರೆಗಳು ಗಟ್ಟಿಯಾಗಿದ್ದವು. ಟೀಚರ ಚಪ್ಪಲಿ ಜಾರಿತ್ತು ಅಷ್ಟೇ. ನೂರು ಮುಗಿದ ಮೇಲೂ ನನಗೆ ನಂಬಿಕೆ ಬರಲಿಲ್ಲ. ಗುರುವಾರ ಬೆಳಿಗ್ಗೆ ಮೈದಾನದಲ್ಲಿ ಇನ್ನೂ ನೂರು ಸಲ ಒತ್ತಿದೆ.

ಶುಕ್ರವಾರ ಬಂಟ್ವಾಳ. ಟೀಚರ ಸರದಿ ಬಂದಾಗ ಇನ್‌ಸ್ಪೆಕ್ಟರ್ ಪಕ್ಕದ ಸೀಟಿನಲ್ಲಿ ಕೂತರು. ನಾನು ಹೊರಗೆ, ಬಿಸಿಲಿನಲ್ಲಿ, ಉಳಿದ ಮೂವರ ಜೊತೆ. ನನ್ನ ಕಾಲಿನ ಕೆಳಗೆ ಬ್ರೇಕೂ ಇಲ್ಲ, ಕ್ಲಚ್ಚೂ ಇಲ್ಲ. ಏರಿನಲ್ಲಿ ಕಾರು ನಿಂತಿತು. ಬ್ರೇಕಿನ ಕೆಂಪು ದೀಪ ಹೊತ್ತಿಯೇ ಇತ್ತು. ಬಹಳ ಹೊತ್ತಾಯಿತು ಎಂದು ನನಗೆ ಅನ್ನಿಸಿತು. ಬ್ಯಾಂಕಿನವರು ಮೂರು ಸೆಕೆಂಡ್ ಅಷ್ಟೇ ಎಂದು ಆಮೇಲೆ ಹೇಳಿದರು. ಇಂಜಿನಿನ ಸದ್ದು ಏರಿತು, ದೀಪ ಆರಿತು, ಕಾರು ಒಂದಂಗುಲವೂ ಹಿಂದೆ ಜಾರದೆ ಮೇಲೆ ಹೋಯಿತು. ಟೀಚರ್ ಇಳಿದು ಬಂದು ಮೊದಲು ಗಂಡನಿಗೆ ಫೋನ್ ಮಾಡಿದರು.

ಅವತ್ತು ನಾಲ್ವರೂ ಪಾಸಾದರು. ಆದರೆ ಮನೆಗೆ ಬಂದು ಹಾಜರಿ ಪುಸ್ತಕ ತೆರೆದಾಗ ಅರ್ಧಕ್ಕೆ ಬಿಟ್ಟ ಆ ಇಬ್ಬರ ಹೆಸರುಗಳನ್ನು ದಾಟಿಹೋಗಲು ಆಗಲಿಲ್ಲ. ಒಬ್ಬರ ನಂಬರ್ ಬದಲಾಗಿತ್ತು. ಇನ್ನೊಬ್ಬರು, ಅಂದರೆ ಯಾರ ಮನೆಯವರಿಗೆ ನಾನು ಇವರಿಗೆ ಆಗುವುದು ಕಷ್ಟ ಎಂದಿದ್ದೆನೋ ಅವರು, ಬೆಳ್ತಂಗಡಿಯಲ್ಲಿ ಬಟ್ಟೆ ಹೊಲಿಯುವವರು. ಫೋನ್ ಎತ್ತಿದರು. ಹಿಂದಿನಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ನಾನು ಹೇಳುತ್ತಾ ಹೋದಂತೆ ಅದು ನಿಂತಿತು. ವಯರು ತುಂಡಾಗಿತ್ತು, ಅದನ್ನು ಕಟ್ಟಿಸಿದ್ದು ನಾನು, ಒತ್ತುತ್ತಿದ್ದದ್ದೂ ನಾನು, ನಿಮ್ಮ ಕಾಲು ಸರಿಯಾಗಿಯೇ ಇತ್ತು ಎಂದೆ. ಮತ್ತೆ ಬಂದು ಕಲಿಯಿರಿ ಎಂದೆ.

ಅವರು ಕತ್ತರಿಯನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿತು.

"ಮೇಡಂ," ಎಂದರು ಮೆಲ್ಲಗೆ. "ಈಗ ಹೇಳಿದ್ದನ್ನು ಒಮ್ಮೆ ಇವರ ಹತ್ರ ಹೇಳ್ತೀರಾ? ಸ್ಪೀಕರಿಗೆ ಹಾಕ್ತೇನೆ. ಅತ್ತೆಯೂ ಇಲ್ಲೇ ಇದ್ದಾರೆ."

ಕುರ್ಚಿ ಎಳೆದ ಸದ್ದಾಯಿತು. ಯಾರೋ ಟಿವಿ ಸಣ್ಣ ಮಾಡಿದರು. ಒಬ್ಬ ಗಂಡಸಿನ ಧ್ವನಿ, "ಹಲೋ, ಎಂತ ವಿಷಯ?" ಎಂದಿತು. ನಾನು ಮೊದಲಿನಿಂದ, ಒಂದನ್ನೂ ಬಿಡದೆ, ಮತ್ತೆ ಹೇಳಿದೆ.